ಮಾವ ಬಾಗಿಲಲ್ಲಿ ನಿಂತಿದ್ದು ನಾಟಕ ಅಲ್ಲ

ಹೋದ ತಿಂಗಳು ನಮ್ಮ ಊರಲ್ಲಿ ಒಂದು ಮದುವೆ. ಊಟದ ಹಾಲ್‌ನ ಬಾಗಿಲಿಗೆ ಬಂದ ನನ್ನ ಸೋದರಮಾವ ಅಲ್ಲೇ ನಿಂತುಬಿಟ್ಟರು. ಮುಂದೆ ಕಾಲಿಡಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಅಂಗಾಲನ್ನು ನೆಲಕ್ಕೆ ಅಂಟು ಹಾಕಿ ಕೂರಿಸಿದಂತಿತ್ತು. ಮೊಣಕಾಲು ಮಾತ್ರ ಸಣ್ಣಗೆ ನಡುಗುತ್ತಿತ್ತು. ಅವರ ಹಿಂದೆ ಹಸಿದ ಜನರ ಸಾಲು.

"ಏ, ನಡೀರಿ ಮುಂದ" ಅಂದರು ಒಬ್ಬರು. "ಮನಸ್ಸು ಮಾಡಿದ್ರ ನಡಿಯಾಕ ಬರಲ್ಲೇನು?" ಅಂದರು ಇನ್ನೊಬ್ಬರು. ಮೂರನೆಯವರು ನಗುತ್ತಾ ಅಂದಿದ್ದು ಇದು: "ನಾಟಕ ಬಿಡ್ರೀ ಅದು. ಮೊನ್ನಿ ಹೋರಿ ಬಂದಾಗ ಹೆಂಗ ಜಿಗದ, ನಾ ನೋಡೀನಿ."

ಹೋರಿಯ ಮಾತು ಸುಳ್ಳಲ್ಲ. ಹಗ್ಗ ಹರಿದುಕೊಂಡ ಹೋರಿಯೊಂದು ಚಹಾದಂಗಡಿ ಕಡೆ ನುಗ್ಗಿದಾಗ, ಕುರ್ಚಿಯಿಂದ ಏಳಲು ಎರಡು ಮಂದಿಯ ಕೈ ಬೇಕಾಗುವ ನಮ್ಮ ಮಾವ ಎರಡೇ ಹೆಜ್ಜೆಗೆ ಕಟ್ಟೆ ಹತ್ತಿ ನಿಂತಿದ್ದರು. ಊರಿಗೆ ಅಷ್ಟು ಸಾಕಾಯಿತು. ಹೋರಿ ಬಂದಾಗ ಓಡುವವನು ಊಟಕ್ಕೆ ಕರೆದಾಗ ಯಾಕೆ ನಡೆಯಲ್ಲ? ಸೊಸೆ ಮೇಲಿನ ಸಿಟ್ಟು, ಕೆಲಸ ತಪ್ಪಿಸಿಕೊಳ್ಳುವ ಉಪಾಯ, ಎಲ್ಲರೂ ತನ್ನನ್ನು ನೋಡಲಿ ಅನ್ನುವ ಆಸೆ. ಇಷ್ಟು ತೀರ್ಪು ಒಂದೇ ದಿನದಲ್ಲಿ ಹೊರಬಂತು. ನಮ್ಮ ಪಂಚಾಯ್ತಿಯಲ್ಲಿ ಚರಂಡಿಯ ಅರ್ಜಿಗೂ ಇಷ್ಟು ಬೇಗ ತೀರ್ಮಾನ ಆಗುವುದಿಲ್ಲ.

ಮೂರು ವರ್ಷದ ಹಿಂದೆ ನಾನೂ ಹೀಗೇ ಅಂದಿದ್ದೆ, ಮುಚ್ಚಿಡುವುದಿಲ್ಲ. "ಮಾವ, ಸ್ವಲ್ಪ ಗಟ್ಟಿ ಮನಸ್ಸು ಮಾಡ್ರೀ" ಅಂದಿದ್ದೆ. ಅವರು ಏನೂ ಹೇಳದೆ ನನ್ನ ಮುಖ ನೋಡಿದ್ದರು. ಆ ನೋಟದಲ್ಲೂ ಏನೂ ಕಾಣಲಿಲ್ಲ. ಅವರ ಮುಖದ ಸ್ನಾಯುಗಳೇ ಬಿಗಿದುಹೋಗಿದ್ದವು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮಾವನಿಗೆ ಇರುವುದು ಪಾರ್ಕಿನ್ಸನ್ ಕಾಯಿಲೆ. ಹಳಬರು ಕಂಪವಾತ ಅನ್ನುತ್ತಾರೆ. ನನ್ನ ಜಗಳ ಕಾಯಿಲೆಯ ಜೊತೆಗಲ್ಲ, 'ಮನಸ್ಸಿದ್ದರೆ ಮಾರ್ಗ' ಅನ್ನುವ ಗಾದೆಯ ಜೊತೆ. ಆ ಗಾದೆಯನ್ನು ಕಲ್ಲಿನಂತೆ ಎತ್ತಿಕೊಂಡು ಕಾಯಿಲೆಯವರ ಮೇಲೆ ಎಸೆಯುವ ನಮ್ಮ ಜೊತೆ.

ಮನಸ್ಸಿಗೂ ಕಾಲಿಗೂ ನಡುವೆ ಎಷ್ಟು ದಾರಿ ಇದೆ ಅನ್ನುವುದನ್ನು ಮೊದಲು ನೋಡೋಣ.

ನೀವು ಈಗ ಹೆಬ್ಬೆರಳಿನಿಂದ ಮೊಬೈಲ್ ಪರದೆ ಎಳೆದು ಈ ಸಾಲಿಗೆ ಬಂದಿರಿ. ಹಣೆಯ ಹಿಂದಿರುವ ಮೆದುಳಿನ ಭಾಗ 'ಮುಂದೆ ಓದೋಣ' ಅಂತ ನಿರ್ಧರಿಸಿತು. ನಿಮ್ಮ ಪಾಲಿನ ಕೆಲಸ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಅದರ ಹಿಂದಿರುವ ಭಾಗಗಳು ಯಾವ ಬೆರಳು, ಯಾವ ದಿಕ್ಕು, ಯಾವುದು ಮೊದಲು ಅನ್ನುವ ಯೋಜನೆ ಹಾಕಿದವು. ಮೆದುಳಿನ ಆಳದಲ್ಲಿರುವ ಕೆಲವು ಗಂಟುಗಳು 'ಈ ಒಂದು ಚಲನೆಯನ್ನು ಬಿಡಿ, ಉಳಿದದ್ದನ್ನು ತಡೆಯಿರಿ' ಅಂತ ಅನುಮತಿ ಕೊಟ್ಟವು. ತಲೆಯ ಹಿಂಭಾಗದ ಕಿರುಮೆದುಳು ಬೆರಳು ಎಷ್ಟು ದೂರ ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವ ಲೆಕ್ಕ ನೋಡಿಕೊಂಡಿತು.

ಇಷ್ಟಾದ ಮೇಲೆ ಆದೇಶ ಹೊರಡುತ್ತದೆ. ಅದು ಹೊರಡುವುದು ನೆತ್ತಿಯಿಂದ ಕಿವಿಯವರೆಗೆ ಪಟ್ಟಿಯಂತೆ ಹಬ್ಬಿರುವ ಮೆದುಳಿನ ಭಾಗದಿಂದ. ಕೆನಡಾದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಈ ಪಟ್ಟಿಯ ನಕ್ಷೆ ಬರೆದರು. ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರದಲ್ಲಿದ್ದ ರೋಗಿಗಳ ಮೆದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಮುಟ್ಟಿದರೆ ಏನು ಅಲುಗುತ್ತದೆ ಅಂತ ನೋಡಿದರು. ಆ ನಕ್ಷೆಯಲ್ಲಿ ಕೈಬೆರಳು, ತುಟಿ, ನಾಲಿಗೆಗೆ ಸಿಕ್ಕಿರುವ ಜಾಗ ಬೆನ್ನು, ತೊಡೆಗಳಿಗೆ ಸಿಕ್ಕಿಲ್ಲ. ಇಲ್ಲೂ ಎಕರೆ ಹಂಚಿಕೆಯಲ್ಲಿ ಸಮಾನತೆ ಇಲ್ಲ ನೋಡಿ.

ಆದೇಶ ಹೊತ್ತ ನರದ ಎಳೆಗಳಲ್ಲಿ ಬಹುಪಾಲು ಮೆದುಳಿನ ಬುಡದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಎಡ ಮೆದುಳಿಗೆ ಲಕ್ವಾ ಹೊಡೆದರೆ ಬಲಗೈ ಬೀಳುವುದು ಇದೇ ಕಾರಣಕ್ಕೆ. ಅಲ್ಲಿಂದ ಬೆನ್ನುಹುರಿ, ಅಲ್ಲಿಂದ ಇನ್ನೊಂದು ನರ. ಅದರ ತುದಿಯಲ್ಲಿ ಒಂದು ರಾಸಾಯನಿಕದ ಹನಿ ಬಿದ್ದಾಗ ಸ್ನಾಯು ಬಿಗಿಯುತ್ತದೆ. ಆ ಪಟ್ಟಿಯಿಂದ ಹೊರಟ ಆದೇಶ ಹೆಬ್ಬೆರಳಿಗೆ ತಲುಪಲು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಸಾಕು.

ಹೊರಟ ಮೇಲೆ ಬೇಗ ತಲುಪುತ್ತದೆ. ಹೊರಡುವ ಮೊದಲೇ ಹೊತ್ತು ಹಿಡಿಯುವುದು. ಜರ್ಮನಿಯ ಕಾರ್ನ್‌ಹೂಬರ್ ಮತ್ತು ಡೀಕೆ ಎಂಬ ಇಬ್ಬರು 1965ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಜನರನ್ನು ಕೂರಿಸಿ, 'ನಿಮಗೆ ಬೇಕೆನಿಸಿದಾಗ ಬೆರಳು ಆಡಿಸಿ' ಅಂದರು. ಬೆರಳು ಅಲುಗುವ ಒಂದು ಸೆಕೆಂಡಿಗೂ ಮೊದಲೇ ಮೆದುಳಿನಲ್ಲಿ ವಿದ್ಯುತ್ತಿನ ಅಲೆ ನಿಧಾನವಾಗಿ ಏಳತೊಡಗಿತ್ತು. ಆ ಅಲೆಯ ಅರ್ಥ ಏನು ಅನ್ನುವ ಬಗ್ಗೆ ವಿಜ್ಞಾನಿಗಳು ಇಂದಿಗೂ ಕಿತ್ತಾಡುತ್ತಿದ್ದಾರೆ. ನಮಗೆ ಬೇಕಾದದ್ದು ಇಷ್ಟೇ: ಬೇಕು ಅನ್ನುವುದಕ್ಕೂ ಆಯಿತು ಅನ್ನುವುದಕ್ಕೂ ನಡುವೆ ದೊಡ್ಡ ಕೆಲಸವಿದೆ, ಆ ಕೆಲಸವನ್ನು ನೀವು ಮಾಡುತ್ತಿಲ್ಲ. ನಿಮಗೆ ಗೊತ್ತೂ ಆಗುವುದಿಲ್ಲ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಡ್ಯಾಂ ತುಂಬಿದ ಫೋಟೋ ಪೇಪರಿನಲ್ಲಿ ಬರುತ್ತದೆ, ದೊಡ್ಡವರು ಬಾಗಿನ ಬಿಡುತ್ತಾರೆ, ನಮ್ಮ ಹೊಲ ಮಾತ್ರ ಒಣಗಿರುತ್ತದೆ. ಆಗ ನಮ್ಮಲ್ಲಿ ಯಾರಾದರೂ 'ಡ್ಯಾಂಗೆ ನೀರು ಕೊಡುವ ಮನಸ್ಸಿಲ್ಲ' ಅಂದದ್ದು ಕೇಳಿದ್ದೀರಾ? ಇಲ್ಲ. ಹೂಳು ನೋಡ್ರೀ, ಗೇಟು ನೋಡ್ರೀ, ಮೇಲಿನವರು ಪಂಪ್ ಇಟ್ಟಾರೇನೋ ನೋಡ್ರೀ ಅನ್ನುತ್ತೇವೆ. ಕಾಲುವೆಯ ವಿಷಯದಲ್ಲಿ ಇಷ್ಟು ಬುದ್ಧಿ ಇರುವ ನಾವು ಮನುಷ್ಯನ ಕಾಲಿನ ವಿಷಯಕ್ಕೆ ಬಂದಾಗ ಡ್ಯಾಂನ ಚಾರಿತ್ರ್ಯ ಕೆದಕಲು ಕೂರುತ್ತೇವೆ.

ಪಾರ್ಕಿನ್ಸನ್ ಅಂದರೆ ಗೇಟಿನ ಕಾಯಿಲೆ. ಮೆದುಳಿನ ಆಳದ ಗಂಟುಗಳು ಚಲನೆಗಳ ಮೇಲೆ ಸದಾ ಗೇಟು ಇಳಿಸಿಯೇ ಇರುತ್ತವೆ. ಇಲ್ಲದಿದ್ದರೆ ಬೇಕಿದ್ದ ಬೇಡದ ಚಲನೆಗಳೆಲ್ಲ ಒಟ್ಟಿಗೇ ಹರಿದು ಬಂದಾವು. ಬೇಕಾದ ಒಂದು ಗೇಟು ಮೇಲೇಳಲು ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ಜೀವಕೋಶಗಳು ನಡುಮೆದುಳಿನಲ್ಲಿ ಕಪ್ಪು ಪಟ್ಟಿಯಂತೆ ಕಾಣುತ್ತವೆ. ಈ ಕಾಯಿಲೆಯಲ್ಲಿ ಅವೇ ಒಂದೊಂದಾಗಿ ಸಾಯುತ್ತವೆ. ಕೈ ನಡುಗುವುದು ಹೊರಗೆ ಕಾಣುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿಯಾಗಿರುತ್ತದೆ. ಡ್ಯಾಂ ತುಂಬಿದೆ, ಕಾಲುವೆ ಸರಿಯಿದೆ, ಹೊಲವೂ ಸರಿಯಿದೆ. ಗೇಟು ಮಾತ್ರ ಜಾಮ್.

ಗೇಟು ಹೋದರೆ ಏನಾಗುತ್ತದೆ ಅನ್ನುವುದನ್ನು ನಾವು 2024ರ ಆಗಸ್ಟ್‌ನಲ್ಲಿ ನೋಡಿದ್ದೇವೆ. ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ನೀರೆಲ್ಲ ಹೊಳೆಗೆ ಹೋಯಿತಲ್ಲ, ಹಾಗೆ. ವರ್ಷಗಟ್ಟಲೆ ಔಷಧಿ ತಗೊಂಡ ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ಬೇಡವೆಂದರೂ ಕೈಕಾಲು, ಕತ್ತು ತಿರುಚಿ ತಿರುಚಿ ಆಡುತ್ತವೆ. ಗೇಟು ಹೆಚ್ಚು ತೆರೆದ ಲಕ್ಷಣ ಅದು. ಅದಕ್ಕೂ ನಮ್ಮ ಜನ ಹೆಸರಿಟ್ಟಿದ್ದಾರೆ: ಮೈಮೇಲೆ ಬಂದದ್ದು.

'ಇದೆಲ್ಲ ಪುಸ್ತಕದ ಮಾತು, ಛಲ ಇದ್ದರೆ ಎಲ್ಲ ಆಗುತ್ತೆ' ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ.

ಮೊದಲನೆಯದು ಮೊಲಗಳದ್ದು. 1950ರ ದಶಕದ ಕೊನೆಗೆ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ರಿಸರ್ಪಿನ್ ಬಂದದ್ದು ನಮ್ಮದೇ ಸರ್ಪಗಂಧದ ಬೇರಿನಿಂದ. ಅದು ಮೆದುಳಿನ ಡೋಪಮೈನ್ ಖಾಲಿ ಮಾಡಿತು. ಮೊಲಗಳು ಕಿವಿ ಜೋಲಿಸಿ ಬಿದ್ದುಕೊಂಡವು, ಅಲುಗಲಿಲ್ಲ. ಆಮೇಲೆ ಡೋಪಮೈನ್ ತಯಾರಾಗಲು ಬೇಕಾದ ಕಚ್ಚಾವಸ್ತು ಲೆವೊಡೋಪ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಕಿವಿ ನೆಟ್ಟಗೆ ಮಾಡಿಕೊಂಡು ಓಡಾಡತೊಡಗಿದವು. ನಡುವೆ ಆ ಮೊಲಗಳಿಗೆ ಛಲದ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಎರಡನೆಯದು 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು. ಮಾದಕ ವಸ್ತು ಚುಚ್ಚಿಕೊಳ್ಳುತ್ತಿದ್ದ ಕೆಲವರು, ಅದರಲ್ಲೂ ಹರೆಯದವರು, ಕೆಲವೇ ದಿನಗಳಲ್ಲಿ ಕಲ್ಲಿನಂತಾಗಿ ಆಸ್ಪತ್ರೆಗೆ ಬಂದರು. ಮಾತಿಲ್ಲ, ಚಲನೆ ಇಲ್ಲ. ಮೊದಮೊದಲು ಮಾನಸಿಕ ಸಮಸ್ಯೆ ಅಂದುಕೊಂಡವರೂ ಇದ್ದರು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರವೈದ್ಯರು ಜಾಡು ಹಿಡಿದು ಹೋದಾಗ, ಕಳ್ಳ ತಯಾರಿಕೆಯಲ್ಲಿ ಹುಟ್ಟಿಕೊಂಡ ಎಂಪಿಟಿಪಿ ಎಂಬ ವಿಷ ಅದೇ ಕಪ್ಪು ಪಟ್ಟಿಯ ಕೋಶಗಳನ್ನು ಸುಟ್ಟಿತ್ತು ಅನ್ನುವುದು ಗೊತ್ತಾಯಿತು. ಒಳಗೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಲೆವೊಡೋಪ ಕೊಟ್ಟಾಗ ಅಲುಗಿದರು. ಆ ವಿಷ ದೇಹದೊಳಗೆ ತಾಳುವ ರೂಪಕ್ಕೂ ನಾವು ಹೊಲದ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗೂ ರಚನೆಯಲ್ಲಿ ಹತ್ತಿರದ ಹೋಲಿಕೆಯಿದೆ. ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ, ವಾದ ಇನ್ನೂ ಮುಗಿದಿಲ್ಲ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಅದನ್ನು ಮಾರುವಂತಿಲ್ಲ. ನಮ್ಮಲ್ಲಿ ಬರಿಗೈಲಿ ಬೆರೆಸುತ್ತೇವೆ. ಅದು ಇನ್ನೊಂದು ಲೇಖನದ ಮಾತು.

ಈಗ ಹೋರಿಗೆ ಬರೋಣ.

ಮೆದುಳಿಗೆ ಚಲನೆ ಶುರು ಮಾಡಲು ಒಂದೇ ದಾರಿ ಇಲ್ಲ. ತಾನಾಗಿಯೇ, ಒಳಗಿನ ಇಚ್ಛೆಯಿಂದ ಏಳುವ ನಡಿಗೆ ಆ ಗೇಟಿನ ಮೂಲಕವೇ ಹೋಗಬೇಕು. ಆದರೆ ಕಣ್ಣೆದುರು ಗೆರೆಯೋ ಮೆಟ್ಟಿಲೋ ಬಂದರೆ, ಕಿವಿಗೆ ತಾಳ ಬಿದ್ದರೆ, ಇಲ್ಲವೇ ಹೋರಿ ನುಗ್ಗಿದರೆ, ಕಣ್ಣು ಕಿವಿಗಳಿಂದ ಬಂದ ಸುದ್ದಿ ಬೇರೆ ಸುತ್ತುದಾರಿ ಹಿಡಿದು ಚಲನೆಯನ್ನು ಎಬ್ಬಿಸಬಲ್ಲದು. ಕಿರುಮೆದುಳು ಮತ್ತು ಯೋಜನೆ ಹಾಕುವ ಭಾಗಗಳು ಆ ದಾರಿಯಲ್ಲಿವೆ ಅನ್ನುತ್ತಾರೆ ನರವೈದ್ಯರು. ವೈದ್ಯಶಾಸ್ತ್ರ ಇದನ್ನು ನೋಡಿ ನೂರು ವರ್ಷ ಆಯಿತು. ಎದ್ದು ನಿಲ್ಲಲಾರದ ರೋಗಿ ಬೆಂಕಿ ಬಿದ್ದಾಗ ಓಡಿದ್ದು, ಬಂದ ಚೆಂಡನ್ನು ಗಪ್ಪನೆ ಹಿಡಿದದ್ದು ದಾಖಲಾಗಿದೆ. 2010ರಲ್ಲಿ ನೆದರ್‌ಲ್ಯಾಂಡಿನ ವೈದ್ಯರು ಒಬ್ಬ ರೋಗಿಯ ವಿಡಿಯೋ ಪ್ರಕಟಿಸಿದರು. ನಾಲ್ಕು ಹೆಜ್ಜೆ ಇಡುವುದರಲ್ಲಿ ಬೀಳುವ ಆ ಮನುಷ್ಯನನ್ನು ಸೈಕಲ್ ಮೇಲೆ ಕೂರಿಸಿದರೆ ಸಲೀಸಾಗಿ ತುಳಿದುಕೊಂಡು ಹೋಗುತ್ತಾನೆ, ತಿರುಗಿಸಿಕೊಂಡೂ ಬರುತ್ತಾನೆ. ಇಳಿದ ಕೂಡಲೇ ಮತ್ತೆ ಸ್ತಬ್ಧ.

ಹಾಗಾಗಿ ಹೋರಿ ಬಂದಾಗ ಮಾವ ಜಿಗಿದದ್ದು ನಾಟಕಕ್ಕೆ ಸಾಕ್ಷಿ ಅಲ್ಲ, ಕಾಯಿಲೆಗೆ ಸಾಕ್ಷಿ. ಕಾಲು ಸರಿಯಿದೆ, ಸ್ನಾಯು ಸರಿಯಿದೆ, ನರ ಸರಿಯಿದೆ, ಗೇಟು ಮಾತ್ರ ಕೆಟ್ಟಿದೆ ಅನ್ನುವುದನ್ನು ಆ ಹೋರಿ ನಮಗೆ ತೋರಿಸಿಕೊಟ್ಟಿತು. ಬಾಗಿಲು, ಇಕ್ಕಟ್ಟು, ಹಿಂದಿನಿಂದ ಅವಸರಿಸುವ ಜನ, ಇವು ಹೆಜ್ಜೆ ಕಟ್ಟುವ ಜಾಗಗಳು ಅಂತಲೂ ವೈದ್ಯರು ಬರೆದಿದ್ದಾರೆ. ಅಂದರೆ ಮದುವೆ ಮನೆಯ ಬಾಗಿಲಲ್ಲಿ 'ಬೇಗ ಬೇಗ' ಅಂದವರು ಗೇಟನ್ನು ಇನ್ನಷ್ಟು ಬಿಗಿ ಮಾಡಿದರು. ಅವತ್ತು ಇನ್ನೊಂದು ವಿಷಯವಿತ್ತು. ಮಾವನ ಮಾತ್ರೆ ಮಧ್ಯಾಹ್ನ ಒಂದು ಗಂಟೆಗೆ. ಮುಹೂರ್ತ ತಡ, ಊಟ ತಡ, ಮಾತ್ರೆ ಮನೆಯಲ್ಲಿ. ಬಾಗಿಲಿಗೆ ಬರುವ ಹೊತ್ತಿಗೆ ಮೂರಾಗಿತ್ತು.

ಗಂಡಸರ ಮಾತಾದರೆ ಬಾಗಿಲಲ್ಲಿ ನಿಂತಾಗಲಾದರೂ ಊರಿಗೆ ಕಾಣುತ್ತದೆ. ಹೆಂಗಸರದ್ದು ಅಡುಗೆ ಮನೆಯಲ್ಲೇ ಮುಗಿದುಹೋಗುತ್ತದೆ. ಜೋಳದ ರೊಟ್ಟಿ ಬಡಿಯುವ ಸದ್ದು ನೆನಪಿಸಿಕೊಳ್ಳಿ. ಒಂದೇ ಲಯ, ಒಂದೇ ಜೋರು. ಈ ಕಾಯಿಲೆ ಬಂದಾಗ ಆ ಸದ್ದು ಬರುಬರುತ್ತಾ ಸಣ್ಣದಾಗುತ್ತದೆ, ನಿಧಾನ ಆಗುತ್ತದೆ, ನಡುವೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಹೆಬ್ಬೆರಳು ತೋರುಬೆರಳು ತಟ್ಟಿಸಿ ನೋಡುವುದು ಇದನ್ನೇ. ನಮ್ಮ ಅಡುಗೆ ಮನೆಗಳಲ್ಲಿ ಆ ಪರೀಕ್ಷೆ ದಿನಾ ಬೆಳಗ್ಗೆ ನಡೆಯುತ್ತದೆ, ಕೇಳಿಸಿಕೊಳ್ಳುವವರಿಲ್ಲ. "ಅತ್ತಿಗೆ ಮೈಗಳ್ಳತನ ಬಂದೈತಿ" ಅನ್ನುತ್ತೇವೆ. ಮುಖದಲ್ಲಿ ನಗು ಮೂಡದಿದ್ದರೆ "ಮೊಮ್ಮಗನ್ನ ಕಂಡ್ರೂ ಗಂಟು ಮುಖ" ಅನ್ನುತ್ತೇವೆ. ದನಿ ಸಣ್ಣಗಾದರೆ "ಸೊಕ್ಕು, ಬಾಯಿ ಬಿಡಲ್ಲ" ಅನ್ನುತ್ತೇವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರೇ ರೋಗಿಗಳನ್ನು ನೋಡಿ ಈ ಕಾಯಿಲೆಯ ಬಗ್ಗೆ ಬರೆದರು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ನಡೆಯುವಾಗ ಗಮನಿಸಿದ್ದು, ಅಷ್ಟೇ. ಬೀದಿಯಲ್ಲಿ ನಡೆಯುವವರನ್ನು ನೋಡಿಯೇ ಅವರು ಕಾಯಿಲೆ ಹಿಡಿದರು. ನಾವು ಮನೆಯೊಳಗೆ ಹತ್ತು ವರ್ಷ ನೋಡಿಯೂ ಹಿಡಿಯುವುದಿಲ್ಲ.

ಇನ್ನು ವಾಟ್ಸಾಪ್ ವೀರರು. ಗಾಲಿಕುರ್ಚಿಯಿಂದ ಎದ್ದು ನಡೆದವನ ವಿಡಿಯೋ, ಹಿಂದೆ ಸಂಗೀತ, ಕೆಳಗೆ 'ಅಸಾಧ್ಯ ಅನ್ನುವುದು ಹೇಡಿಗಳ ಮಾತು'. ನಮ್ಮ ಮನೆಯ ಗ್ರೂಪಿನಲ್ಲೂ ಬಂದಿತ್ತು, ಮಾವನ ಹೆಸರಿಗೇ ಕಳಿಸಿದ್ದರು. ಎದ್ದವನು ಛಲದಿಂದ ಎದ್ದ ಅಂತಾದರೆ ಏಳದವನು ಹೇಡಿ ಅಂತ ಅರ್ಥ ಅಲ್ಲವೇ? ಈ ಲೆಕ್ಕ ಕಳಿಸಿದವರಿಗೆ ಹೊಳೆಯಲಿಲ್ಲ, ಮಾವನಿಗೆ ಹೊಳೆಯಿತು.

'ಹಾಗಾದರೆ ಪ್ರಯತ್ನವೇ ಬೇಡವೇ' ಅಂತ ಕೇಳುವಿರಿ. ಬೇಕು, ಬೇಕೇ ಬೇಕು. ದಿನದ ನಡಿಗೆ, ವ್ಯಾಯಾಮ, ದೊಡ್ಡ ದನಿಯಲ್ಲಿ ಓದುವುದು, ದೊಡ್ಡ ಹೆಜ್ಜೆಯ ಅಭ್ಯಾಸ, ಇವುಗಳಿಂದ ಉಪಯೋಗ ಇದೆ. ಲಕ್ವಾ ಆದವರು ಬಿದ್ದ ಕೈಯನ್ನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರೆ ಮೆದುಳು ಅದನ್ನು ಮರೆಯುತ್ತದೆ, ಮತ್ತೆ ಮತ್ತೆ ಬಳಸಿದರೆ ಸ್ವಲ್ಪ ಮರಳಿಸುತ್ತದೆ. ಆದರೆ ಇದು ಕಾಲುವೆಯ ಹೂಳೆತ್ತುವ ಕೆಲಸ. ಮೇಟಿಯೂ ಬೇಕು, ಜನವೂ ಬೇಕು, ತಿಂಗಳುಗಟ್ಟಲೆ ಹೊತ್ತೂ ಬೇಕು. ದಂಡೆ ಮೇಲೆ ನಿಂತು 'ಹರೀ' ಅಂತ ಕೂಗಿದರೆ ನೀರು ಹರಿಯುವುದಿಲ್ಲ.

ನಸುಗುನ್ನಿ ಪುಡಿ ಮಾರುವವರ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ಹೌದು. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದರಾಸಿನ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಆದರೆ ಡಬ್ಬಿಯಲ್ಲಿರುವ ಪುಡಿಯ ಒಂದು ಚಮಚದಲ್ಲಿ ಎಷ್ಟಿದೆ? ಮಾರುವವನಿಗೂ ಗೊತ್ತಿರುವುದಿಲ್ಲ. ಮಾತ್ರೆಯ ಜೊತೆಗೆ ಅದೂ ಸೇರಿದರೆ ಹೆಚ್ಚಾಗುತ್ತದೆ. ಮಾತ್ರೆ ನಿಲ್ಲಿಸಿ ಪುಡಿ ತಗೊಳ್ಳಿ ಅನ್ನುವವನಂತೂ ಜೀವದ ಜೊತೆ ಆಡುತ್ತಾನೆ. ಲೆವೊಡೋಪ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಮೈ ಸೆಟೆದು, ಜ್ವರ ಏರಿ, ಪ್ರಜ್ಞೆ ತಪ್ಪಿ ಸಾಯುವವರೆಗೂ ಹೋಗಬಹುದು. ನಮ್ಮ ಮಾವನಿಗೆ ಪುಡಿ ಕೊಡಿಸಿದವರು ನಮ್ಮ ಹತ್ತಿರದ ನೆಂಟರೇ. ಒಳ್ಳೆಯ ಮನಸ್ಸಿನಿಂದಲೇ ಕೊಡಿಸಿದರು. ಮಾತ್ರೆ ನಿಲ್ಲಿಸುವ ಮೊದಲು ಅತ್ತೆಗೆ ಯಾಕೋ ಅನುಮಾನ ಬಂದು ಆಸ್ಪತ್ರೆಗೆ ಫೋನ್ ಮಾಡಿದ್ದರಿಂದ ಬಚಾವಾದೆವು.

ಕೊನೆಗೆ ಸರ್ಕಾರದ ಬಾಗಿಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. 1995ರ ಹಳೆ ಕಾಯ್ದೆಯಲ್ಲಿ ಏಳು ಮಾತ್ರ ಇದ್ದವು. ಹೊಸದರಲ್ಲಿ ಪಾರ್ಕಿನ್ಸನ್ ಹೆಸರು ಹಿಡಿದೇ ಸೇರಿದೆ. 40ರಷ್ಟು ಶೇಕಡಾ ವೈಕಲ್ಯ ಇದೆ ಅಂತ ಪ್ರಮಾಣಪತ್ರ ಸಿಕ್ಕರೆ ಮೀಸಲಾತಿ, ಯೋಜನೆಗಳಿಗೆ ದಾರಿ. ಊರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನಾನು ಕೇಳಿದ ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಪಂಚಾಯ್ತಿ ಸದಸ್ಯರು.

ಮಾವನನ್ನು ಕರೆದುಕೊಂಡು ಹೋಗಿದ್ದೆ. ಬಸ್ ಹತ್ತಬೇಕಲ್ಲ ಅಂತ ಮಾತ್ರೆ ತಗೊಂಡೇ ಹೊರಟಿದ್ದರು. ಕೌಂಟರಿನಲ್ಲಿ ಕಾಯ್ದು ಒಳಗೆ ಹೋದಾಗ ಮಾತ್ರೆಯ ಬಲ ಇನ್ನೂ ಇತ್ತು. "ನಡೀರಿ" ಅಂದರು. ನಡೆದರು. "ಚೆನ್ನಾಗಿ ನಡೀತಾರಲ್ಲ" ಅಂದರು, ಕಾಗದ ಪಕ್ಕಕ್ಕಿಟ್ಟರು. ಮಾತ್ರೆ ಕೆಲಸ ಮಾಡುವ ಎರಡು ಮೂರು ತಾಸು ಒಂದು ಮನುಷ್ಯ, ಅದು ಇಳಿದ ಮೇಲೆ ಇನ್ನೊಂದು ಮನುಷ್ಯ ಅಂತ ನಾನು ಹೇಳಲು ಹೋದೆ. ಮುಂದಿನ ಟೋಕನ್ ಕರೆದರು. ಹೊರಗೆ ಬರುವಾಗ ಆ ಕಚೇರಿಯ ಹೊಸ್ತಿಲಲ್ಲೇ ಮಾವನ ಕಾಲು ಕಟ್ಟಿತು, ಐದು ನಿಮಿಷ. ನೋಡಬೇಕಾದವರು ಊಟಕ್ಕೆ ಎದ್ದಿದ್ದರು.

ಈ ಸಲ ನಾವು ಬೇರೆ ತಯಾರಿ ಮಾಡಿದ್ದೇವೆ. ಬೆಳಗ್ಗೆ ಮಾತ್ರೆಗೆ ಮೊದಲು, ಮಾತ್ರೆ ಆಗಿ ಒಂದು ತಾಸಿಗೆ, ಮಧ್ಯಾಹ್ನದ ಮಾತ್ರೆಗೆ ಮೊದಲು, ಹೀಗೆ ಹದಿನೈದು ದಿನದ ವಿಡಿಯೋ ನನ್ನ ಮೊಬೈಲಿನಲ್ಲಿದೆ. ಪ್ರತಿಯೊಂದಕ್ಕೂ ಗಂಟೆ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮಾಡಿಟ್ಟುಕೊಳ್ಳಿ. ರೀಲ್ಸ್‌ಗೆ ಹಾಕಬೇಡಿ, ವೈದ್ಯರಿಗೆ ತೋರಿಸಿ. ಕಾಲು ಕಟ್ಟಿದವರನ್ನು ಹಿಂದಿನಿಂದ ತಳ್ಳಬೇಡಿ, ಕೈ ಹಿಡಿದು ಎಳೆಯಲೂ ಬೇಡಿ, ಬೀಳುತ್ತಾರೆ. ಸ್ವಲ್ಪ ತಡೆದು, 'ಒಂದು, ಎರಡು' ಅಂತ ಲೆಕ್ಕ ಹೇಳಿ. ಇಲ್ಲವೇ ನಿಮ್ಮ ಪಾದ ಅವರ ಮುಂದೆ ಅಡ್ಡ ಇಟ್ಟು, ಇದನ್ನು ದಾಟಿ ಅನ್ನಿ.

ಅತ್ತೆ ಈಗ ಬೆಳಗಿನ ರಂಗೋಲಿ ಮುಗಿದ ಮೇಲೆ ಉಳಿದ ಪುಡಿಯಲ್ಲಿ ಹೊಸ್ತಿಲ ಎರಡೂ ಕಡೆ ಅಡ್ಡ ಗೆರೆ ಎಳೆಯುತ್ತಾರೆ, ಒಂದೊಂದು ಹೆಜ್ಜೆಗೆ ಒಂದು. ಮಾವ ಆ ಗೆರೆಗಳನ್ನು ದಾಟಿಕೊಂಡು ಅಂಗಳಕ್ಕೆ ಬರುತ್ತಾರೆ. ಪಕ್ಕದ ಮನೆಯವರು ಮೊನ್ನೆ, "ಇದೇನ್ ಮಾಟ ಮಾಡ್ಸೀರಿ?" ಅಂತ ಕೇಳಿದರಂತೆ. ಅತ್ತೆ ಗೆರೆ ಎಳೆಯುವುದು ನಿಲ್ಲಿಸಿಲ್ಲ. ಬರುವ ಬುಧವಾರ ಮತ್ತೆ ಆ ಕಚೇರಿಗೆ ಹೊರಟಿದ್ದೇವೆ, ರಂಗೋಲಿ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.